ಎರಡು ಮಾರು ನೀರು

ಮೇ ೧೪, ೧೬೪೯

ನಿನ್ನೆ ಹೊಳೆಯ ಮಂಜುಗಡ್ಡೆ ಒಡೆಯಿತು. ಇಂದು ಬಂದ ಮೊದಲ ದೋಣಿಯಲ್ಲೇ ಪ್ರಾಂತ್ಯಾಧಿಕಾರಿಯ ಕಾಗದವೂ ಬಂತು. ಲೂಲೆಯೋ ಊರಿನ ಕರಣಿಕ ನಾನಾದ್ದರಿಂದ ಸಭಾಮನೆಯಲ್ಲಿ ಅದನ್ನು ಓದುವ ಪಾಡು ನನ್ನದೇ ಆಯಿತು. ಹನ್ನೊಂದು ಜನ ವರ್ತಕರು ಟೋಪಿ ತೆಗೆದು ಕೇಳಿದರು. ನಮ್ಮ ಕೊಲ್ಲಿಯಲ್ಲಿ ನೀರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ, ಹಡಗುಗಳು ಒಳಗೆ ಬರಲಾರವು. ಆದ್ದರಿಂದ ಊರಿಗೆ ಊರೇ ಎದ್ದು ಎರಡು ಹರದಾರಿ ಕೆಳಗೆ, ಹೊಳೆ ಸಮುದ್ರ ಸೇರುವ ಭೂಶಿರಕ್ಕೆ ಹೋಗಬೇಕೆಂದು ರಾಣಿಯವರ ಇಚ್ಛೆ. ಚರ್ಚು ಕಲ್ಲಿನದು, ಅದು ಇಲ್ಲೇ ಇರಲಿ. ಊರಿನವರಿಗೆ ಹೇಳುವುದೇನಾದರೂ ಇದ್ದರೆ ಜೂನ್ ನಡುವೆ ಅಧಿಕಾರಿ ಬಂದು ಕೇಳುತ್ತಾರೆ.

ಆಮೇಲೆ ತುಪ್ಪಳದ ವ್ಯಾಪಾರಿ ಮೋರ್ತೆನ್ ತನ್ನ ಅಂಗಿಯ ತೋಳು ಹಿಡಿದು ತೋರಿಸಿದ. "ಊರು ಕಟ್ಟಿ ಇಪ್ಪತ್ತೆಂಟು ವರ್ಷ. ಈ ಅಂಗಿಗೆ ಅದಕ್ಕಿಂತ ಜಾಸ್ತಿ ವಯಸ್ಸು. ಇದನ್ನೇ ನಾನಿನ್ನೂ ಬದಲಾಯಿಸಿಲ್ಲ, ಊರು ಬದಲಾಯಿಸು ಅಂತಾರಲ್ಲಪ್ಪ."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನನ್ನ ಹೆಂಡತಿ ಬ್ರಿತಾ ಕಳೆದ ಸೆಪ್ಟೆಂಬರಿನ ಮಿಕೇಲನ ಹಬ್ಬದಂದು ದೋಣಿಮನೆಯ ಅಟ್ಟದಿಂದ ಬಿದ್ದವಳು ಇನ್ನೂ ಎದ್ದಿಲ್ಲ. ಸೊಂಟದ ಕೆಳಗೆ ಜೀವವಿಲ್ಲ. ನೆರೆಯೂರು ಪೀತೆಯೋದಿಂದ ಬಂದ ವೈದ್ಯ ಅವಳ ಬೆನ್ನು ಮುಟ್ಟಿ ನೋಡಿ, ಹೊರಗೆ ಬಂದು ನನ್ನ ಕಿವಿಯಲ್ಲಿ ಹೇಳಿದ್ದು ಇಷ್ಟೇ: "ಹಾಸಿಗೆಯಿಂದ ಅಲುಗಾಡಿಸಬೇಡಿ. ಅಲುಗಾಡಿಸಿದರೆ ಹೋಗ್ತಾರೆ." ಮನೆ ಬಿಚ್ಚಿ, ತೊಲೆಗಳನ್ನು ಹೊಳೆಯಲ್ಲಿ ತೇಲಿಬಿಟ್ಟು, ಅವಳನ್ನು ದೋಣಿಯಲ್ಲಿ ಹಾಕಿಕೊಂಡು ಎರಡು ಹರದಾರಿ?

ಈ ಊರು ಇಲ್ಲಿಂದ ಏಳಬಾರದು. ಇದನ್ನು ಹೇಳಿಕೊಳ್ಳಲು ಯಾರೂ ಇಲ್ಲದೆ ಇಲ್ಲಿ ಬರೆಯುತ್ತಿದ್ದೇನೆ.

ಬ್ರಿತಾಳಿಗೆ ವಿಷಯ ತಿಳಿಸಿದೆ. "ಸಮುದ್ರದ ಹತ್ರಾನಾ?" ಎಂದು ಕೇಳಿದಳು. "ಹೆದರಬೇಡ, ನಾನು ಬಿಡೋದಿಲ್ಲ" ಎಂದೆ. ಗೋಡೆಯ ಕಡೆ ಮುಖ ತಿರುಗಿಸಿದಳು. ಪಾಪ, ಬಹಳ ಹೆದರಿದ್ದಾಳೆ.

ಮೇ ೧೯

ಮಾವ ಹಿಂದ್ರಿಕ್ ಮಗಳನ್ನು ನೋಡಲು ಹೊರದ್ವೀಪದಿಂದ ಬಂದಿದ್ದರು. ನಲವತ್ತು ವರ್ಷಗಳಿಂದ ಈ ಕೊಲ್ಲಿಗೆ ಬರುವ ಹಡಗುಗಳಿಗೆ ದಾರಿ ತೋರುತ್ತಿರುವವರು ಅವರು. ಅಕ್ಷರ ಬಾರದು. ಆದರೆ ನೀರಿನ ಆಳದ ವಿಷಯದಲ್ಲಿ ಅವರು ಹೇಳಿದ್ದನ್ನು ಸ್ಟಾಕ್‌ಹೋಮಿನ ಕಪ್ತಾನರೂ ಮರುಮಾತಿಲ್ಲದೆ ಒಪ್ಪುತ್ತಾರೆ. ಅವರ ಮಾತೊಂದಿದ್ದರೆ ಅಧಿಕಾರಿ ಬಾಯಿ ಮುಚ್ಚಿಕೊಂಡು ಹಿಂದಿರುಗುತ್ತಾನೆ ಎಂಬುದು ನನ್ನ ಲೆಕ್ಕಾಚಾರ.

ಅಂಗಳದಲ್ಲಿ ಕೂರಿಸಿ ಕೇಳಿದೆ.

"ಮಾವ, ಕೊಲ್ಲಿಯ ನೀರಡಿ ಇರೋ ದಿಬ್ಬದ ಹತ್ರ ಈಗ ಎಷ್ಟು ಆಳ?"

"ಒಂದೂವರೆ ಮಾರು. ಅದೂ ಇಲ್ಲ ಅನ್ನು. ನಾನು ಮೊದಲ ಹಡಗು ತಂದಾಗ ಎರಡಿತ್ತು."

"ಎರಡು ಅಂತ ಹೇಳಿದ್ರೆ?"

ಅವರು ತಿನ್ನುತ್ತಿದ್ದ ಒಣಮೀನನ್ನು ಕೆಳಗಿಟ್ಟರು. "ನಮ್ಮಪ್ಪ ದೋಣಿ ಕಟ್ತಿದ್ದ ಕಬ್ಬಿಣದ ಬಳೆ ಈಗ ಹಸು ಮೇಯೋ ಜಾಗದಲ್ಲಿದೆ. ನೀರು ಇಳೀತಿದ್ಯೋ, ನೆಲಾನೇ ಮೇಲೆ ಏಳ್ತಿದ್ಯೋ, ದೇವರಿಗೇ ಗೊತ್ತು. ಬೇರೆ ಯಾವುದರ ಬಗ್ಗೆ ಬೇಕಾದ್ರೂ ನಿಂಗೋಸ್ಕರ ಸುಳ್ಳು ಹೇಳ್ತೀನಿ ಅಳಿಯ. ನೀರಿನ ಬಗ್ಗೆ ಆಗಲ್ಲ."

"ನಿಮ್ಮ ಮಗಳ ಜೀವದ ಪ್ರಶ್ನೆ."

"ಅವಳನ್ನ ಕೇಳಿದ್ಯಾ?"

"ಕೇಳೋದೇನಿದೆ? ವೈದ್ಯರು ಹೇಳಿದ್ದಾರಲ್ಲ."

ಮುದುಕ ಮೀನು ಎತ್ತಿಕೊಂಡು ತಿನ್ನತೊಡಗಿದರು. ಸ್ವಂತ ಮಗಳಿಗಿಂತ ಅರ್ಧ ಮಾರು ನೀರು ದೊಡ್ಡದಾಯಿತು ಅವರಿಗೆ.

ಮೇ ೨೭

ಊರಿನಲ್ಲಿ ಹಿಟ್ಟು ಮುಗಿಯುತ್ತ ಬಂದಿದೆ. ಕಳೆದ ವರ್ಷ ಬಾರ್ಲಿ ತೆನೆಗಟ್ಟುವ ಹೊತ್ತಿಗೆ ಹಿಮ ಬಿದ್ದು ಎಲ್ಲ ಸುಟ್ಟಿತ್ತು. ಪಕ್ಕದ ಮನೆಯ ದೋರ್ದಿ ಪೈನ್ ಮರದ ತೊಗಟೆ ಕುಟ್ಟಿ ಹಿಟ್ಟಿಗೆ ಬೆರೆಸಿ ರೊಟ್ಟಿ ಸುಡುತ್ತಾಳೆ. ನಮಗೂ ನಾಲ್ಕು ಕೊಟ್ಟಳು. "ಹಲ್ಲು ಗಟ್ಟಿ ಇದ್ರೆ ತಿನ್ನು ಕರಣಿಕ, ಇಲ್ಲದಿದ್ರೆ ಚಪ್ಪಲಿಗೆ ಹೊಲ್ಕೋ" ಎಂದಳು. ಬ್ರಿತಾಳ ಬೆನ್ನಿನ ಹುಣ್ಣುಗಳನ್ನು ತೊಳೆಯುವವಳೂ ಅವಳೇ. ಗಂಡ ಸತ್ತು ಹತ್ತು ವರ್ಷ, ಮಕ್ಕಳಿಲ್ಲ, ನಾಲಿಗೆ ಮಾತ್ರ ಚೂಪು.

ಕೊಲ್ಲಿಯ ಕಡೆಯ ಕಿಟಕಿ ತೆರೆಯೆಂದು ಬ್ರಿತಾ ಹೇಳಿದಳು. ತೆರೆದರೆ ಕೆಸರಿನ ನಾತ, ಸೊಳ್ಳೆ. ಮುಚ್ಚಿದೆ. "ನಮ್ಮಪ್ಪನ ಮನೇಲಿ ನೆಲದ ಕೆಳಗೆ ಅಲೆ ಹೊಡೆಯೋದು ಕೇಳ್ತಿತ್ತು. ಇಲ್ಲಿ ಕಪ್ಪೆ ಮಾತ್ರ" ಎಂದಳು. ಮೈ ಬೆಚ್ಚಗಿತ್ತು. ಜ್ವರದಲ್ಲಿ ಏನೇನೋ ಬಡಬಡಿಸುತ್ತಾಳೆ.

ಜೂನ್ ೫

ಊರಿನ ಪರವಾಗಿ ಮನವಿ ಬರೆಯುತ್ತಿದ್ದೇನೆ. ಮೂರು ಸಲ ಬರೆದು ಹರಿದೆ. ಹೊಸದಾಗಿ ಕಟ್ಟಿದ ಮನೆಗಳು, ಚರ್ಚಿನ ಸಾಮೀಪ್ಯ, ಹುಲ್ಲುಗಾವಲು, ಪೂರ್ವಜರ ಸಮಾಧಿಗಳು ಎಲ್ಲ ಸೇರಿಸಿದ್ದಾಯಿತು. ಓದಿದರೆ ಅಳು ಬರಬೇಕು. ಆದರೆ ನೀರೆಷ್ಟು ಎಂಬ ಒಂದೇ ಪ್ರಶ್ನೆಯ ಮುಂದೆ ಇವೆಲ್ಲ ಹೊಟ್ಟು.

ಮೋರ್ತೆನ್ ಬಂದು ನನ್ನ ಭುಜದ ಮೇಲಿಂದ ಇಣುಕಿದ. ಅವನಿಗೆ ಕಳೆದ ವರ್ಷವಷ್ಟೇ ಎರಡಂತಸ್ತಿನ ಮನೆಯಾಗಿದೆ. "ನಿನಗೇನಯ್ಯ ಕಷ್ಟ? ಕೊಲ್ಲಿ ಎಷ್ಟು ಆಳ ಅಂತ ನೀನು ಬರೀತೀಯೋ ಅಷ್ಟೇ ಆಳ. ಸ್ಟಾಕ್‌ಹೋಮಿನಲ್ಲಿ ಕೂತೋನು ಬಂದು ಮುಳುಗಿ ನೋಡ್ತಾನಾ?" ಎಂದು ಬೆನ್ನು ತಟ್ಟಿ ನಕ್ಕು ಹೋದ.

ಅವನಿಗೆ ಎಲ್ಲವೂ ತಮಾಷೆ.

ಜೂನ್ ೧೧

ಬರೆದೆ. "ದಿಬ್ಬದ ಬಳಿ ಎರಡು ಮಾರು ನೀರಿದೆಯೆಂದು ದಾರಿ ತೋರುವ ಹಿಂದ್ರಿಕನು ಪ್ರಮಾಣ ಮಾಡಿ ಹೇಳಿದ್ದಾನೆ."

ಕೆಳಗೆ, ಸಹಿಯ ಜಾಗದಲ್ಲಿ, ಮಾವನ ಮನೆಗುರುತನ್ನು ನಾನೇ ಹಾಕಿದೆ. ಒಂದು ಉದ್ದ ಗೆರೆ, ಅದಕ್ಕೆ ಅಡ್ಡವಾಗಿ ಎರಡು ಗಿಡ್ಡ ಗೆರೆ. ಅವರ ದೋಣಿಯ ಮೇಲೆ, ಬಲೆಯ ಮರದ ತುಂಡುಗಳ ಮೇಲೆ ದಿನಾ ನೋಡಿದ್ದೇ. ಒಬ್ಬಳ ಜೀವ ಉಳಿಸಲು ಹಾಕಿದ ಮೂರು ಗೆರೆ. ದೇವರು ಇದಕ್ಕಿಂತ ದೊಡ್ಡ ತಪ್ಪುಗಳನ್ನು ಕ್ಷಮಿಸಿದ್ದಾನೆ.

ಉಳಿದವರೆಲ್ಲ ಇದನ್ನು ನಂಬಿಯೇ ತಮ್ಮ ತಮ್ಮ ಗುರುತು ಹಾಕಿದರು.

ಜೂನ್ ೧೪

ಗೆದ್ದೆವು. ಅಧಿಕಾರಿಯ ಮುಖ ಸೊಳ್ಳೆ ಕಡಿದು ಕುಂಬಳಕಾಯಿಯಂತೆ ಊದಿತ್ತು. ಒಂದು ಕಣ್ಣು ತೆರೆಯಲು ಆಗುತ್ತಿರಲಿಲ್ಲ. ದೋಣಿಯಲ್ಲಿ ಹೋಗಿ ಆಳ ಅಳೆಯೋಣವೇ ಎಂದು ಅವನ ಜೊತೆಗಾರ ಕೇಳಿದ್ದಕ್ಕೆ, "ದಾರಿ ತೋರೋನೇ ಗುರುತು ಹಾಕಿದ್ದಾನಲ್ಲ, ಸಾಕು ನಡಿ" ಎಂದುಬಿಟ್ಟ. ಕಾಗದ ಸ್ಟಾಕ್‌ಹೋಮಿಗೆ ಹೋಗುತ್ತದೆ. ಮುಂದಿನ ವಸಂತದವರೆಗೂ ಯಾರೂ ನಮ್ಮನ್ನು ಅಲುಗಿಸುವುದಿಲ್ಲ. ಹೋಗುವ ಮುನ್ನ ಅವನು, ಹಡಗಿನ ಒಡೆಯರಿಗೂ ಕೊಡಬೇಕು, ಇನ್ನೆರಡು ಪ್ರತಿ ಬರೆದುಕೊಡು ಎಂದ. ಬರೆದುಕೊಟ್ಟೆ.

ಮನೆಗೆ ಓಡಿಬಂದು ಬ್ರಿತಾಳಿಗೆ ಹೇಳಿದೆ. ಅವಳು ಸೂರು ನೋಡುತ್ತ ಮಲಗಿದ್ದಳು.

"ಎರಡು ಮಾರು ಅಂತ ಅಪ್ಪ ಒಪ್ಪಿದ್ರಾ?"

"ಒಪ್ಪಿದರು."

"ನಿಜವಾಗ್ಲೂ?"

"ನಿನಗೋಸ್ಕರ."

ಅವಳು ಮತ್ತೇನೂ ಕೇಳಲಿಲ್ಲ. ಸಂತೋಷವನ್ನು ತಡೆದುಕೊಳ್ಳುವ ಶಕ್ತಿಯೂ ಇಲ್ಲ ಅವಳಿಗೆ.

ಜೂನ್ ೨೪, ಯೋಹಾನರ ಹಬ್ಬ

ಹಬ್ಬಕ್ಕೆ ಬಾಗಿಲಿಗೆ ಬರ್ಚ್ ಸೊಪ್ಪು ಕಟ್ಟಿದ್ದಾರೆ, ಹೊಟ್ಟೆಗೆ ತೊಗಟೆ ರೊಟ್ಟಿ. ಧಾನ್ಯದ ಹಡಗು ಹೊರಟಿದೆಯೆಂದು ಸುದ್ದಿ ಬಂತು. ಪಾದ್ರಿಗಳು ಚರ್ಚಿನಲ್ಲೇ ಓದಿ ಹೇಳಿದರು. ಜನ ಅಲ್ಲೇ ಅತ್ತರು.

ಆಮೇಲೆ ಕಪ್ತಾನನ ಕಾಗದ ನನ್ನ ಕೈಗೆ ಬಂತು. ಪ್ರತಿ ವರ್ಷ ದೊಡ್ಡ ಹಡಗು ಹೊಳೆಯ ಬಾಯಲ್ಲೇ ನಿಂತು, ಸರಕನ್ನು ಸಣ್ಣ ದೋಣಿಗಳಿಗೆ ಇಳಿಸುವುದು ವಾಡಿಕೆ. ಈ ಸಲ ಕೊಲ್ಲಿಯಲ್ಲಿ ಎರಡು ಮಾರು ನೀರಿದೆಯೆಂದು ದಾರಿಯ ರೇವಿನಲ್ಲಿ ಸಿಕ್ಕ ನಮ್ಮ ಮನವಿಯ ಪ್ರತಿಯಿಂದ ಗುರುತು ಸಹಿತ ತಿಳಿದಿರುವುದರಿಂದ ಹಡಗನ್ನು ನೇರವಾಗಿ ಊರಿನ ಕಟ್ಟೆಗೇ ತರುತ್ತಾನಂತೆ.

ಹಾಗಾಗಲು ಬಿಡುವುದಿಲ್ಲ. ಹಡಗು ಕಂಡ ದಿನ ನಾನೇ ದೋಣಿ ತೆಗೆದುಕೊಂಡು ಹೋಗಿ, ಹೊರಗೇ ಇಳಿಸಲು ಕಪ್ತಾನನಿಗೆ ಹೇಳುತ್ತೇನೆ. ಏನಾದರೊಂದು ಕಾರಣ ಹೇಳಿದರಾಯಿತು.

ಜುಲೈ ೬

ಬ್ರಿತಾಳಿಗೆ ಐದು ದಿನದಿಂದ ಸುಡುವ ಜ್ವರ. ಗುರುತು ಹಿಡಿಯುತ್ತಿಲ್ಲ. ನೀರು ಕುಡಿಸುತ್ತೇನೆ, ಕಟವಾಯಿಯಲ್ಲಿ ಇಳಿದುಹೋಗುತ್ತದೆ.

ಹಡಗು ಬಂದು ಮೂರು ದಿನವಾಯಿತಂತೆ. ಹೋಗಲಾಗಲಿಲ್ಲ.

ಜುಲೈ ೭

ಜ್ವರ ಸ್ವಲ್ಪ ಇಳಿದಿದೆ.

ಬೆಳಿಗ್ಗೆ ಮಾವ ಬಂದರು. ಕೈಯಲ್ಲಿ ನಾನು ಬರೆದ ಪ್ರತಿ. ಕಪ್ತಾನ ಅವರನ್ನು ಹಡಗಿಗೆ ಕರೆಸಿ ತೋರಿಸಿದ್ದಾನೆ. ಓದಲು ಬಾರದಿದ್ದರೂ ತಮ್ಮ ಗುರುತು ಅವರಿಗೆ ತಿಳಿಯದೆ ಇರುತ್ತದೆಯೇ?

"ಇದನ್ನ ನಾನು ಹಾಕಿದ್ದಾ?" ಎಂದು ಕೇಳಿದರು.

ಅವರು ಬ್ರಿತಾಳ ಬಳಿ ಹೋಗಿ ನಿಂತರು. ಅವಳು ನಿದ್ದೆಯಲ್ಲಿದ್ದಳು. ಹಣೆ ಮುಟ್ಟಿ ನೋಡಿದರು.

"ನಿಜ ಹೇಳಿಬಿಡಿ ಮಾವ. ಆ ಗುರುತು ನನ್ನದಲ್ಲ ಅಂತ ಕಪ್ತಾನನಿಗೆ ಹೇಳಿ" ಎಂದೆ. ಹೇಳಿದೆನೋ, ಹೇಳಬೇಕೆಂದುಕೊಂಡೆನೋ. ಇಲ್ಲ, ಹೇಳಿದೆ. ಆದರೆ ಮೆಲ್ಲಗೆ.

"ಹೇಳಿದ್ರೆ ನಿನ್ನ ಕೈ ಕತ್ತರಿಸ್ತಾರೆ. ಇವಳಿಗೆ ನೀರು ಕುಡಿಸೋಕೆ ಕೈ ಬೇಕಲ್ಲ" ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ತೆಂಕಲ ಗಾಳಿ ಬಂದ್ರೆ ಕೊಲ್ಲಿಗೆ ನೀರು ತುಂಬುತ್ತೆ, ಒಂದು ಮೊಳ ಏರುತ್ತೆ. ಹೊರಗೇ ಇಳಿಸು ಅಂದ್ರೆ ಎರಡು ಮಾರು ಅಂದೋನು ನೀನೇ ಅಲ್ವಾ ಅಂತಾನೆ ಕಪ್ತಾನ, ಅದಕ್ಕೇ ಗಾಳಿ ಬರೋವರೆಗೂ ಅವನನ್ನ ನಿಲ್ಲಿಸಿಕೊಂಡಿರ್ತೀನಿ. ಆಗ ತಂದುಬಿಡಬಹುದು. ಒಂದು ಸಲ ತಾನೆ."

ಬಾಗಿಲ ಹೊರಗೆ ಹೋದವರು ಮತ್ತೆ ತಿರುಗಿ ಬಂದು ಕಾಗದವನ್ನು ನನ್ನ ಮೇಜಿನ ಮೇಲಿಟ್ಟು ಹೋದರು.

ಜುಲೈ ೧೦

ಮಾವ ಹೋದರು.

ಜುಲೈ ೧೩

ಇಂದು ಮಣ್ಣು ಮಾಡಿದೆವು.

ತೆಂಕಲ ಗಾಳಿ ಹತ್ತನೆಯ ತಾರೀಖು ಬೆಳಿಗ್ಗೆ ಎದ್ದಿತು. ಊರೆಲ್ಲ ಕಟ್ಟೆಯ ಮೇಲೆ ನಿಂತು ಹಾಯಿ ನೋಡುತ್ತಿತ್ತು. ನಾನೂ ನಿಂತಿದ್ದೆ. ಹಡಗು ದಿಬ್ಬದ ಹತ್ತಿರ ಬರುವ ಹೊತ್ತಿಗೆ ಗಾಳಿ ಸತ್ತಿತು. ಆಮೇಲೆ ಬಡಗಲಿಂದ ಬೀಸಿತು. ಏರಿದ್ದ ನೀರು ಕಣ್ಣೆದುರೇ ಇಳಿಯಿತು. ಹಡಗು ಒಮ್ಮೆ ಮುಗ್ಗರಿಸಿ ಓರೆಯಾಗಿ ನಿಂತಿತು. ಬಿಡಿಸಬೇಕಾದರೆ ಲಂಗರನ್ನು ಸಣ್ಣ ದೋಣಿಯಲ್ಲಿ ಹಿಂದಕ್ಕೆ ಒಯ್ದು ಹಾಕಿ, ಅದರ ಹಗ್ಗವನ್ನು ಹಡಗಿನಿಂದ ಎಳೆಯಬೇಕು. ಎಲ್ಲಿ ಹಾಕಬೇಕೆಂದು ತೋರಿಸಲು ಮಾವನೇ ಇಳಿದರು. ಲಂಗರು ಹಾಕಿಯೂ ಆಗಿತ್ತು. ಹಡಗಿನ ಮೇಲಿನವರು ಎಳೆಯುವಾಗ ಹಗ್ಗ ಹರಿದು ದೋಣಿಯನ್ನು ಹೊಡೆಯಿತು. ಹುಟ್ಟುಹಾಕುತ್ತಿದ್ದ ಇಬ್ಬರು ಈಜಿಬಂದರು. ಮಾವನನ್ನು ಎತ್ತುವುದು ತಡವಾಯಿತು.

ಒಂದೂವರೆ ಮಾರು ನೀರು. ಅದೂ ಇರಲಿಲ್ಲ.

ಹಡಗಿನ ಹೊಟ್ಟೆ ಬಿರಿದು ಮುಕ್ಕಾಲು ಧಾನ್ಯ ನೀರು ಕುಡಿದಿದೆ. ಹೆಂಗಸರು ಬಂಡೆಗಳ ಮೇಲೆ ಹರಡಿ ಒಣಗಿಸುತ್ತಿದ್ದಾರೆ. ಹುಳಿ ವಾಸನೆ ಮನೆಯ ಒಳಗೂ ಬರುತ್ತದೆ.

ಬ್ರಿತಾಳಿಗೆ ಹೇಳಿದೆ. "ಹಗ್ಗ ಹರಿಯಿತು, ತಲೆಗೆ ಪೆಟ್ಟಾಯಿತು, ಆ ಕ್ಷಣವೇ ಹೋದರು, ನೋವು ಗೊತ್ತಾಗಲಿಲ್ಲ" ಎಂದೆ.

ಜುಲೈ ೧೬

ಮಣ್ಣು ಮಾಡುವಾಗ ನಾಲ್ಕು ಜನ ಟೋಪಿ ತೆಗೆಯಲಿಲ್ಲ. ಅದನ್ನು ಅಂದು ಬರೆಯಲಾಗಲಿಲ್ಲ.

"ಮುದುಕ ಕಣ್ಣು ಮಂಜಾಗಿದೆ ಅಂತ ಒಪ್ಪಿಕೊಂಡು ಮನೇಲಿ ಕೂತಿದ್ರೆ ನಮ್ಮ ಮಕ್ಕಳು ಹಿಟ್ಟು ತಿಂತಿದ್ರು" ಎಂದು ಚರ್ಚಿನ ಬಾಗಿಲಲ್ಲೇ ಒಬ್ಬಾಕೆ ಹೇಳಿದಳು. ಕಪ್ತಾನ ತನ್ನಲ್ಲಿ ಉಳಿದ ಇನ್ನೊಂದು ಪ್ರತಿಯನ್ನು ಎಲ್ಲರಿಗೂ ತೋರಿಸಿಕೊಂಡು ತಿರುಗುತ್ತಿದ್ದಾನೆ. ಎರಡು ಮಾರು ಎಂದು ಪ್ರಮಾಣ ಮಾಡಿದ ಮುದುಕ ಮೂರು ದಿನ ಗಾಳಿಗೆ ಕಾಯಿಸಿದನಂತೆ, ಹೆದರುಪುಕ್ಕನಂತೆ.

ಜುಲೈ ೨೨

ದೋರ್ದಿ ಕಿಟಕಿ ತೆರೆದಿಟ್ಟು ಹೋಗಿದ್ದಳು. ಬೀದಿಯ ಮಾತು ಬ್ರಿತಾಳ ಕಿವಿಗೆ ಬಿದ್ದಿದೆ.

"ಅಪ್ಪ ಎರಡು ಮಾರು ಅನ್ನೋರಲ್ಲ" ಎಂದಳು.

ನಾನು ಅವಳ ತಲೆದಿಂಬು ಸರಿಮಾಡುತ್ತಿದ್ದೆ.

"ಅನುಂದ್, ಅಪ್ಪ ಹಾಗೆ ಅನ್ನೋರಲ್ಲ."

ದಿಂಬು ಸರಿಯಾಗೇ ಇತ್ತು. ಮತ್ತೆ ಸರಿಮಾಡಿದೆ.

ಆಗಸ್ಟ್ ೩

ಇಂದು ಸಭಾಮನೆಯಲ್ಲಿ ಸ್ಟಾಕ್‌ಹೋಮಿಗೆ ಉತ್ತರ ಬರೆಯಬೇಕಿತ್ತು. ಹಡಗು ಯಾಕೆ ಒಡೆಯಿತು ಎಂದು ಅವರು ಕೇಳಿದ್ದಾರೆ. ಮೋರ್ತೆನ್ ಹೇಳುತ್ತಿದ್ದ, ನಾನು ಬರೆಯುತ್ತಿದ್ದೆ.

"ಮುದಿ ವಯಸ್ಸಿನಿಂದ ಬುದ್ಧಿ ಮಂದವಾಗಿದ್ದ ಹಿಂದ್ರಿಕನ ತಪ್ಪು ಮಾತನ್ನು ಊರಿನವರು ನಂಬಿ..." ಎಂದ.

"ಮುದಿ ವಯಸ್ಸಿನಿಂದ" ಎಂಬಲ್ಲಿಗೆ ನಿಲ್ಲಿಸಿದೆ.

"ಯಾಕಯ್ಯ, ಶಾಯಿ ಒಣಗಿತಾ?"

"ಅದನ್ನ ಬರೆಯಲ್ಲ."

"ಹೆಂಡತಿಯ ಅಪ್ಪ, ನೋವಾಗುತ್ತೆ, ಸರಿ. ಆದ್ರೂ ಗುರುತು ಹಾಕಿದ್ದು ಅವನೇ ತಾನೆ?"

"ಗುರುತು ಹಾಕಿದ್ದು ನಾನು. ಅವರು ಒಂದೂವರೆ ಮಾರು ಅಂದಿದ್ರು. ಅದೂ ಇಲ್ಲ ಅಂದಿದ್ರು."

ಒಂದು ನೊಣ ಮೇಜಿನ ಮೇಲೆ ನಡೆಯುತ್ತಿತ್ತು. ಎಲ್ಲರೂ ಅದನ್ನೇ ನೋಡುತ್ತಿದ್ದರು. ಪಾದ್ರಿಗಳು ಎದ್ದು ಬಂದು ನನ್ನ ಕೈಯಿಂದ ಗರಿಯ ಲೇಖನಿ ತೆಗೆದುಕೊಂಡರು. ಮೆತ್ತಗೆ, ಕಾಯಿಲೆಯವನ ಕೈಯಿಂದ ಬಟ್ಟಲು ತೆಗೆದುಕೊಳ್ಳುವಂತೆ.

ಹೊರಗೆ ಬಂದಾಗ ಮೋರ್ತೆನ್ ಹಿಂದೆಯೇ ಬಂದ. ಅವನ ಮುಖದಲ್ಲಿ ತಮಾಷೆ ಇರಲಿಲ್ಲ. "ಎಷ್ಟು ಆಳ ಅಂತ ಬರೀತೀಯೋ ಅಷ್ಟೇ ಅಂತ ನಾನು ನಗಾಡಿಕೊಂಡು ಅಂದಿದ್ದೆ. ನೀನು ಅದನ್ನ ಹಿಡ್ಕೊಂಡು ಕೂತ್ಯಾ?"

"ಇಲ್ಲ. ನೀನು ಅನ್ನೋ ಮೊದಲೇ ನನ್ನ ಮನಸ್ಸಲ್ಲಿತ್ತು" ಎಂದೆ. ಅದು ನಿಜ.

ಆಗಸ್ಟ್ ೪

ಬ್ರಿತಾಳಿಗೆ ನಾನೇ ಹೇಳಿದೆ. ದೋರ್ದಿ ನೀರಿನ ತಪ್ಪಲೆ ಹಿಡಿದು ನಿಂತಿದ್ದಳು. ಹೋಗೆಂದು ಹೇಳಲಿಲ್ಲ.

"ನಿನ್ನನ್ನ ಉಳಿಸೋಕೆ ಮಾಡಿದೆ" ಎಂದೆ.

ಅವಳು ಬಹಳ ಹೊತ್ತು ನನ್ನನ್ನು ನೋಡಿದಳು. "ನನ್ನ ಹೆಸರು ಹೇಳಿ ಬರೆದೆ. ನಮ್ಮಪ್ಪನ ಹೆಸರು ಹಾಕಿ ಬರೆದೆ. ನನ್ನನ್ನ ಒಂದು ಮಾತು ಕೇಳಿದ್ಯಾ?"

"ವೈದ್ಯರು..."

"ಈ ಕೆಸರು ಬಿಟ್ಟು ಸಮುದ್ರದ ಹತ್ರ ಕರ್ಕೊಂಡು ಹೋಗು ಅಂತ ನಾನು ಎಷ್ಟು ಸಲ ಹೇಳಿದೆ. ದಾರೀಲಿ ಸತ್ರೆ ಸಾಯ್ತೀನಿ ಅಂತಾನೂ ಹೇಳಿದೆ. ನೀನು ಹಣೆ ಮುಟ್ಟಿ ಜ್ವರ ಅಂದೆ."

ದೋರ್ದಿ ತಪ್ಪಲೆ ಕೆಳಗಿಟ್ಟಳು. "ಹೇಳಿದ್ದು ಹೌದು. ನನಗೇ ಕೇಳಿಸಿದೆ" ಎಂದಳು.

ಹಿಂದಿನ ಹಾಳೆಗಳನ್ನು ತಿರುಗಿಸಿ ನೋಡಿದೆ. ಇಲ್ಲೂ ಇದೆ. ನನ್ನ ಕೈಬರಹದಲ್ಲೇ.

ಆಗಸ್ಟ್ ೧೮

ತೀರ್ಪಾಯಿತು. ಪಾದ್ರಿಗಳ ಮಾತಿನಿಂದ ಕೈ ಉಳಿಯಿತು. ಕರಣಿಕನ ಕೆಲಸ ಹೋಯಿತು. ಮೂರು ಭಾನುವಾರ ಚರ್ಚಿನ ಬಾಗಿಲಲ್ಲಿ ಕಾಲಿಗೆ ಮರದ ಕೋಳ. ಊರು ಈ ಚಳಿಗಾಲಕ್ಕೆ ಮೊದಲೇ ಏಳಬೇಕೆಂದು ಕಟ್ಟಾಜ್ಞೆ.

ಬ್ರಿತಾ ನನ್ನೊಡನೆ ಮಾತಾಡುವುದಿಲ್ಲ. ಬೇಕಾದ್ದನ್ನು ದೋರ್ದಿಗೆ ಹೇಳುತ್ತಾಳೆ. ದೋರ್ದಿ ಇಲ್ಲದಾಗ ಬೇಕೆನ್ನುವುದೇ ಇಲ್ಲ. ಬಾಯಾರಿದಾಗ ಕಣ್ಣು ಮುಚ್ಚುತ್ತಾಳೆ. ಅದರಿಂದ ಗೊತ್ತುಮಾಡಿಕೊಂಡು ಬಟ್ಟಲು ಹಿಡಿಯುತ್ತೇನೆ. ಕುಡಿಯುತ್ತಾಳೆ.

ಆಗಸ್ಟ್ ೨೬, ಭಾನುವಾರ

ಮೊದಲನೆಯ ದಿನ. ಉಗುಳಿದವರು ಕಡಿಮೆ. ಹೆಚ್ಚಿನವರು ನೋಡದೆ ದಾಟಿದರು. ಹಿಟ್ಟಿಲ್ಲದ ಜನಕ್ಕೆ ಉಗುಳುವುದೂ ಕಷ್ಟ. ಜುಲೈಯಲ್ಲಿ ಮಾತಾಡಿದ ಹೆಂಗಸು ಮುಂದೆ ನಿಂತು, "ಟೋಪಿ ತೆಗೀಬೇಡಿ ಅಂತ ನನ್ನ ಗಂಡನಿಗೆ ನಾನೇ ಹೇಳಿದ್ದೆ" ಎಂದು ಅತ್ತಳು. ಆಮೇಲೆ ಮಾವನ ಸಮಾಧಿಯ ಕಡೆ ಹೋದಳು. ಗಂಡನನ್ನೂ ಎಳೆದುಕೊಂಡು ಹೋದಳು.

ಸೆಪ್ಟೆಂಬರ್ ೧೨

ಮನೆ ಬಿಚ್ಚುತ್ತಿದ್ದೇನೆ. ಅಲ್ಲಿ ಮತ್ತೆ ಜೋಡಿಸಲು ಪ್ರತಿ ತೊಲೆಗೂ ಕೊಡಲಿಯಿಂದ ಎಣಿಕೆಯ ಕಚ್ಚು. ಸಹಾಯಕ್ಕೆ ಯಾರೂ ಬರುವುದಿಲ್ಲವೆಂದುಕೊಂಡಿದ್ದೆ. ಎರಡನೆಯ ದಿನ ಮೋರ್ತೆನ್ ತನ್ನ ಕೊಡಲಿ ಹಿಡಿದು ಬಂದ, ಮಾತಾಡದೆ ಸೂರಿಗೆ ಹತ್ತಿದ. ಅವನ ಎರಡಂತಸ್ತೂ ಬಿಚ್ಚಿ ಹೊಳೆಗೆ ಹೋಗಿದೆ.

ಬ್ರಿತಾ ಚರ್ಚಿನ ಬಳಿಯ ಒಂದು ಸಣ್ಣ ಗುಡಿಸಲಲ್ಲಿದ್ದಾಳೆ. ನೂರು ಹೆಜ್ಜೆಯಷ್ಟೇ ದೂರ. ಅಷ್ಟಕ್ಕೇ ಹೊತ್ತೊಯ್ಯುವಾಗ ಮುಖ ಬಿಳಿಚಿಕೊಂಡಿತು. ಸಂಜೆ ದೋರ್ದಿ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಕೇಳು. ಅವಳು ಹೇಳಿಕಳಿಸಿದ್ದಾಳೆ. ಹೊಸ ಮನೇಲಿ ಕಿಟಕಿ ಕೆಳಗೆ ಇಡಬೇಕಂತೆ. ಮಲಗಿದೋಳಿಗೆ ಕಾಣೋ ಹಾಗೆ."

"ಎಷ್ಟು ಕೆಳಗೆ ಅಂತ ಕೇಳು."

"ನೀನೇ ಹೋಗಿ ಕೇಳು."

ಹೋಗಿ ಕೇಳಿದೆ. ಬ್ರಿತಾ ಹಾಸಿಗೆಯಿಂದ ಕೈ ಎತ್ತಿ ಗಾಳಿಯಲ್ಲಿ ಒಂದು ಎತ್ತರ ತೋರಿಸಿದಳು. ಕೋಲು ತಂದು ಅಳೆದುಕೊಂಡೆ.

ಸೆಪ್ಟೆಂಬರ್ ೨೭

ಬಾಗಿಲ ಹಲಗೆಯ ಮೇಲೆ ಹಾಸಿಗೆ, ಹಲಗೆಯನ್ನು ದೋಣಿಯಲ್ಲಿ. ಮೋರ್ತೆನ್ ಮತ್ತು ನಾನು ಹುಟ್ಟು ಹಾಕಿದೆವು. ದೋರ್ದಿ ಅವಳ ತಲೆ ಹಿಡಿದು ಕೂತಳು. ಪ್ರತಿ ಅಲೆಗೂ ಬ್ರಿತಾಳ ಗಂಟಲಿಂದ ಒಂದು ಸದ್ದು. ಆ ಸದ್ದು ನಿಂತಾಗೆಲ್ಲ ನಾನು ಹುಟ್ಟು ನಿಲ್ಲಿಸಿ ತಿರುಗಿ ನೋಡುತ್ತಿದ್ದೆ.

"ಮುಂದೆ ನೋಡ್ಕೊಂಡು ಹಾಕು. ಉಸಿರಾಡ್ತಿದ್ದಾಳೆ" ಎಂದು ದೋರ್ದಿ ಗದರಿದಳು.

ದಿಬ್ಬದ ಬಳಿ ಒಡೆದ ಹಡಗಿನ ಪಕ್ಕೆಲುಬುಗಳು ಇನ್ನೂ ನಿಂತಿವೆ. ಬ್ರಿತಾ ದೋರ್ದಿಯ ಕೈ ಹಿಡಿದೆಳೆದಳು. ನಿಲ್ಲಿಸಿದೆವು. ತಲೆ ಎತ್ತಿಸಿಕೊಂಡು ನೋಡಿದಳು. ಎಷ್ಟು ಹೊತ್ತೋ. ಆಮೇಲೆ ಕಣ್ಣು ಮುಚ್ಚಿದಳು. ಮುಂದೆ ಹೋದೆವು.

ಬದುಕಿ ತಲುಪಿದಳು.

ಅಕ್ಟೋಬರ್ ೯

ನಾಲ್ಕು ಗೋಡೆ, ಅರ್ಧ ಸೂರು. ಉಳಿದರ್ಧಕ್ಕೆ ಹಾಯಿ ಬಟ್ಟೆ. ಹುಣ್ಣುಗಳು ಆಳವಾಗಿವೆ. ಪಾದ್ರಿಗಳು ನೋಡಿ ಹೋದರು. ವಸಂತ ನೋಡುವುದು ಅನುಮಾನ ಎಂದರು. ನಾನು ಕೇಳಿರಲಿಲ್ಲ.

ಕಿಟಕಿಯಿಂದ ಸಮುದ್ರ ಕಾಣುತ್ತದೆ. ಇಡೀ ದಿನ ನೋಡುತ್ತಾಳೆ.

ಅಕ್ಟೋಬರ್ ೨೦

ಮಧ್ಯಾಹ್ನ ತೊಲೆಗಳ ಸಂದಿಗೆ ಪಾಚಿ ತುರುಕುತ್ತಿದ್ದೆ. ದೋರ್ದಿ ಮೀನು ತರಲು ಹೋಗಿದ್ದಳು. ಹಿಂದಿನಿಂದ ದನಿ ಬಂತು.

"ಹೇಳು."

ಎರಡೂವರೆ ತಿಂಗಳ ಮೇಲೆ ನನಗೆ ಆಡಿದ ಮೊದಲ ಮಾತು. ಪಾಚಿ ಕೈಯಲ್ಲೇ ಇತ್ತು.

"ಏನು ಹೇಳಲಿ?"

"ಅಪ್ಪ ಸತ್ತ ದಿನ. ಮೊದಲಿಂದ. ಒಂದೂ ಬಿಡದೆ."

ಹೇಳಿದೆ. ಗಾಳಿ ಎದ್ದದ್ದು, ಸತ್ತದ್ದು, ತಿರುಗಿದ್ದು. ಅದಕ್ಕೆ ಮೂರು ದಿನ ಮೊದಲು ಅವರು ಮನೆಗೆ ಬಂದು ಅವಳ ಹಣೆ ಮುಟ್ಟಿದ್ದು, ನನ್ನ ಕೈಯ ಬಗ್ಗೆ ಆಡಿದ ಮಾತು. ಗುರುತು ನನ್ನದಲ್ಲ ಎಂದು ಹೇಳಿಬಿಡಿ ಎಂದು ನಾನು ಮೆಲ್ಲಗೆ ಹೇಳಿದ್ದು, ಬೇಕೆಂದೇ ಮೆಲ್ಲಗೆ ಹೇಳಿದ್ದು. ಕಟ್ಟೆಯ ಮೇಲೆ ನಿಂತಿದ್ದಾಗ, ಹಡಗು ದಿಬ್ಬಕ್ಕೆ ಇನ್ನೂ ದೂರವಿರುವಾಗಲೇ ಕೂಗಬಹುದಿತ್ತು, ಕೂಗಲಿಲ್ಲ ಎಂಬುದು.

"ತಕ್ಷಣ ಹೋದ್ರು ಅಂದೆ ನೀನು."

"ಇಲ್ಲ. ತಲೆಗೆ ಪೆಟ್ಟು ಬಿದ್ದಿರಲಿಲ್ಲ. ಮಗುಚಿದ ದೋಣಿ ಹಿಡ್ಕೊಂಡಿದ್ರು. ಎರಡು ಸಲ ಕೂಗಿದ್ರು. ಇನ್ನೊಂದು ದೋಣಿ ಇಳಿಸೋ ಹೊತ್ತಿಗೆ ಕೈ ಬಿಟ್ಟಿತ್ತು."

"ಏನಂತ ಕೂಗಿದ್ರು?"

"ಮೊದಲ ಸಲ, ಹಗ್ಗ ಎಸೀರಿ ಅಂತ. ಎರಡನೇದು ಕೇಳಿಸಲಿಲ್ಲ. ನಿನ್ನ ಹೆಸರು ಅಂತ ಹೇಳಬಹುದು. ಆದ್ರೆ ಕೇಳಿಸಲಿಲ್ಲ."

ಅವಳು ಕಿಟಕಿಯ ಕಡೆ ತಿರುಗಿ ಅತ್ತಳು. ನಾನು ಹತ್ತಿರ ಹೋಗಲಿಲ್ಲ. ಹೊರಗೆ ದಡದಲ್ಲಿ ಹೊಸ ಮಂಜುಗಡ್ಡೆ ತೆಳ್ಳಗೆ ಕಟ್ಟಿ ಅಲೆಗೆ ಮುರಿಯುವ ಸದ್ದು. ಬೆಳಕು ಇಳಿಯುವವರೆಗೂ ಅತ್ತಳು.

ಆಮೇಲೆ ಹೇಳಿದಳು: "ಕಾಲಿನ ಕಡೆ ಗಾಳಿ ನುಗ್ತಿದೆ. ನನಗೆ ಅಲ್ಲಿ ಗೊತ್ತಾಗಲ್ಲ, ಆದ್ರೆ ಹೊದಿಕೆ ಹಾರ್ತಿದೆ. ಅದನ್ನ ಮುಚ್ಚು. ಮುಚ್ಚಿ ಬಂದು ಇಲ್ಲಿ ಕೂತ್ಕೋ."

ಪಾಚಿ ತುರುಕಿದೆ. ಹೋಗಿ ಕೂತೆ.